ಒಂದು ಮೀಟರ್ ಐದು ಎಂದರೆ ಎಷ್ಟು?



ಜಂತುಹುಳು ಔಷಧಿಯನ್ನು ರಾಸಿನ ತೂಕ ನೋಡಿ ಕೊಡಬೇಕು. ಕಡಿಮೆಯಾದರೆ ಹುಳುಗಳು ಪೂರ್ತಿ ಸಾಯುವುದಿಲ್ಲ, ಉಳಿದವು ಆ ಔಷಧಿಗೆ ಜಗ್ಗದಂತಾಗುತ್ತವೆ. ಹೆಚ್ಚಾದರೆ ಕೆಲವು ಔಷಧಿಗಳು ರಾಸಿಗೇ ತೊಂದರೆ ಮಾಡುತ್ತವೆ. ಮನೆಯಲ್ಲಿ ಹಸು ತೂಗುವ ಯಂತ್ರ ಇರುವುದಿಲ್ಲ. ಆದ್ದರಿಂದ ಟೇಪಿನಿಂದ ಅಳೆದು ತೂಕವನ್ನು ಅಂದಾಜು ಮಾಡುತ್ತೇವೆ.

ಇದರಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಸದಸ್ಯೆಯೊಬ್ಬರು ಫೋನ್ ಮಾಡಿ, "ಡಾಕ್ಟ್ರೇ, ಕಡಸಿನ ಎದೆ ಸುತ್ತಳತೆ ಒಂದು ಮೀಟರ್ ಐದು" ಎಂದರು. ನಾನು 1.5 ಮೀಟರ್ ಎಂದು ಬರೆದುಕೊಂಡೆ. ಔಷಧಿ ತೆಗೆದುಕೊಂಡು ಕೊಟ್ಟಿಗೆಗೆ ಹೋದರೆ ಕಡಸು ಚಿಕ್ಕದು! ಅವರು ಹೇಳಿದ್ದು 1 ಮೀಟರ್ 5 ಸೆಂಟಿಮೀಟರ್.

ಲೆಕ್ಕ ಹೀಗಿದೆ

1 ಮೀಟರ್ = 100 ಸೆಂ.ಮೀ.
1 ಸೆಂ.ಮೀ. = 10 ಮಿ.ಮೀ.
1 ಮೀಟರ್ = 1000 ಮಿ.ಮೀ.

ಮೀಟರ್ ಮತ್ತು ಸೆಂಟಿಮೀಟರನ್ನು ರೂಪಾಯಿ ಮತ್ತು ಪೈಸೆಯಂತೆ ನೋಡಿ. ಹಾಲಿನ ದರ 35 ರೂಪಾಯಿ 5 ಪೈಸೆ ಇದ್ದರೆ 35.05 ಎಂದು ಬರೆಯುತ್ತೇವೆ. 35.5 ಎಂದರೆ 35 ರೂಪಾಯಿ 50 ಪೈಸೆ. ಹಾಗೆಯೇ 1 ಮೀಟರ್ 5 ಸೆಂ.ಮೀ. ಎಂದರೆ 1.05 ಮೀಟರ್, ಅಂದರೆ 105 ಸೆಂ.ಮೀ. 1.5 ಮೀಟರ್ ಎಂದರೆ 150 ಸೆಂ.ಮೀ.

ಅಳೆಯುವುದು ಹೇಗೆ?

ಬೆಳಿಗ್ಗೆ ಮೇವು ಹಾಕುವ ಮೊದಲು ರಾಸನ್ನು ಸಮತಟ್ಟಾದ ಜಾಗದಲ್ಲಿ ನೇರವಾಗಿ ನಿಲ್ಲಿಸಿ. ಮುಂಗಾಲುಗಳ ಹಿಂದೆ ಎದೆಯ ಸುತ್ತ ಟೇಪು ಹಾಕಿ. ಟೇಪು ಸಡಿಲವೂ ಇರಬಾರದು, ಬಿಗಿಯೂ ಇರಬಾರದು. ನಂತರ ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯ ತುದಿಯವರೆಗೆ ಉದ್ದ ಅಳೆಯಿರಿ.

ಹೊಲಿಗೆ ಟೇಪು ಸಾಮಾನ್ಯವಾಗಿ 150 ಸೆಂ.ಮೀ. ಇರುತ್ತದೆ, ದೊಡ್ಡ ಹಸುವಿಗೆ ಸಾಲದು. ಆಗ ಹಗ್ಗ ಸುತ್ತಿ ಗುರುತು ಮಾಡಿ, ಆ ಹಗ್ಗವನ್ನು ಅಳೆಯಿರಿ. ಟೇಪಿನ ಒಂದು ಬದಿಯಲ್ಲಿ ಇಂಚು ಇರುತ್ತದೆ. ಸೆಂಟಿಮೀಟರ್ ಬದಿಯನ್ನೇ ಓದಿ.

ತೂಕದ ಸೂತ್ರ

ಸುತ್ತಳತೆ × ಸುತ್ತಳತೆ × ಉದ್ದ ÷ 10840 = ತೂಕ (ಕೆ.ಜಿ.)

ಎರಡೂ ಅಳತೆ ಸೆಂಟಿಮೀಟರಿನಲ್ಲೇ ಇರಬೇಕು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಆ ಕಡಸಿನ ಉದ್ದ 95 ಸೆಂ.ಮೀ. ಇತ್ತು.
ಸರಿಯಾದ ಲೆಕ್ಕ: 105 × 105 × 95 ÷ 10840 = ಸುಮಾರು 97 ಕೆ.ಜಿ.
ನನ್ನ ತಪ್ಪು ಲೆಕ್ಕ: 150 × 150 × 95 ÷ 10840 = ಸುಮಾರು 197 ಕೆ.ಜಿ.

ಸುತ್ತಳತೆಯನ್ನು ಎರಡು ಸಲ ಗುಣಿಸುವುದರಿಂದ ಅಲ್ಲಿನ ತಪ್ಪು ಇನ್ನಷ್ಟು ದೊಡ್ಡದಾಗುತ್ತದೆ. ನೋಡದೆ ಕೊಟ್ಟಿದ್ದರೆ ಕಡಸಿಗೆ ಎರಡು ಪಟ್ಟು ಔಷಧಿ ಹೋಗುತ್ತಿತ್ತು.

ಆದ್ದರಿಂದ ಫೋನಿನಲ್ಲಿ ಅಳತೆ ಹೇಳುವಾಗ "ನೂರೈದು ಸೆಂಟಿಮೀಟರ್" ಎಂದು ಪೂರ್ತಿಯಾಗಿ ಹೇಳಿ. ಬರೆದುಕೊಂಡವರಿಂದ ಮತ್ತೊಮ್ಮೆ ಹೇಳಿಸಿ. ಈ ತೂಕ ಅಂದಾಜು ಮಾತ್ರ. ಔಷಧಿ ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ಕೊಡಿ. ರಾಸು ಗಬ್ಬವಾಗಿದ್ದರೆ ಅದನ್ನು ಮೊದಲೇ ತಿಳಿಸಿ.

ನೀವೇ ಮಾಡಿ ನೋಡಿ

1. 1 ಮೀಟರ್ 8 ಸೆಂ.ಮೀ. = ಎಷ್ಟು ಸೆಂ.ಮೀ.?
2. 1.6 ಮೀಟರ್ = ಎಷ್ಟು ಸೆಂ.ಮೀ.?
3. 1350 ಮಿ.ಮೀ. = ಎಷ್ಟು ಸೆಂ.ಮೀ.?
4. ಸುತ್ತಳತೆ 160, ಉದ್ದ 135 ಸೆಂ.ಮೀ. ಇರುವ ಹಸುವಿನ ತೂಕ ಎಷ್ಟು?

ಉತ್ತರ: 1) 108 2) 160 3) 135 4) ಸುಮಾರು 319 ಕೆ.ಜಿ.