ಬಟನ್ ಒತ್ತೋದು ಎಲ್ಲಿವರೆಗೆ?

‘ಗಾಡ್ ಆಫ್ ವಾರ್’ ಅಂದ್ರೆ ಬರೀ ಹೊಡಿ-ಕಡಿ ಆಟ ಅನ್ನೋರೇ ಜಾಸ್ತಿ. 2005ರ ಮೊದಲ ಆಟದ ಕ್ರೇಟೋಸ್, ಯುದ್ಧದೇವತೆ ಏರೀಸ್‌ನ ಮೋಸಕ್ಕೆ ಸಿಕ್ಕಿ ಸ್ವಂತ ಹೆಂಡತಿ, ಮಗಳನ್ನೇ ಕೊಂದವನು. ಅವರ ಬೂದಿ ಶಾಪವಾಗಿ ಮೈಗಂಟಿದೆ. ಗ್ರೀಕ್ ಪುರಾಣದ ಹೆರಾಕ್ಲಿಸ್‌ನ ಕಥೆಯೂ ಹೆಚ್ಚುಕಮ್ಮಿ ಹೀಗೇ. ಆಟದಲ್ಲಿ ದೇವತೆಗಳು ಪಾಪ ಕ್ಷಮಿಸ್ತಾರೆ, ಕೆಟ್ಟ ಕನಸುಗಳನ್ನ ಮಾತ್ರ ಅಳಿಸಲ್ಲ.

ಸೋಂಪುರ, ಶಿವಗಂಗೆ ಕಡೆ ವೀರಗಾಸೆ ನೋಡಿದ ನಮಗೆ ಇಲ್ಲಿ ವೀರಭದ್ರ ನೆನಪಾಗ್ತಾನೆ. ದಕ್ಷನ ತಲೆ ಕಡಿದ ಆ ಸಿಟ್ಟಿಗೆ ಒಂದು ಕೊನೆಯಿದೆ: ಶಿವ ಕರಗಿ, ಆಡಿನ ತಲೆ ಇಟ್ಟು ದಕ್ಷನನ್ನು ಬದುಕಿಸ್ತಾನೆ. ಕ್ರೇಟೋಸನನ್ನು ತಡೆಯೋರಿಲ್ಲ. 2010ರ ಮೂರನೇ ಆಟದಲ್ಲಿ ತಂದೆ ಜೀಯಸ್‌ನನ್ನೇ ಗುದ್ದುವಾಗ ಪರದೆಯೆಲ್ಲ ರಕ್ತ (ಸ್ವಲ್ಪ ಅತಿಯಾಯ್ತು ಅನ್ನೋದು ನಮ್ಮ ಅಭಿಪ್ರಾಯ). ನಾವು ಬಟನ್ ಒತ್ತುತ್ತಲೇ ಇದ್ದರೆ ಅವನೂ ಗುದ್ದುತ್ತಲೇ ಇರ್ತಾನೆ. ಕೈ ತೆಗೆದಾಗಷ್ಟೇ ನಿಲ್ಲೋದು.