ನಿವೃತ್ತಿಯ ಹಣ, ಹಳೆಯ ಗಾಡಿ ಮತ್ತು ಮೂರನೇ ಒಂದು ಪಾಲು

ಭವಿಷ್ಯ ನಿಧಿಯ ಪಾಠ ನಡೆದಿತ್ತು. ಸಿಂದಗಿ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: "ಸರ್, ನಮ್ಮ ಚಾಚಾ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್. ತಮ್ಮ ಪಿಎಫ್ ಹಣ ಹಳೆಯ ಗಾಡಿಗಳನ್ನು ಉಳಿಸುವ ಟ್ರಸ್ಟಿಗೆ ಹೋಗಬೇಕು ಅಂತಾರೆ. ಬರೆದುಕೊಡಬಹುದಾ?" ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಈಗ ಅವು ಇತಿಹಾಸ. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಧರ್ಮಸ್ಥಳದ ಹಳೆಯ ಕಾರುಗಳನ್ನು ನೋಡಬಹುದು. ಐತಿಹಾಸಿಕ ವಸ್ತುಗಳ ಸಂರಕ್ಷಣೆಯನ್ನು ಆದಾಯ ತೆರಿಗೆ ಕಾನೂನು ಧರ್ಮಾರ್ಥ ಕಾರ್ಯವೆಂದೇ ಎಣಿಸುತ್ತದೆ. ಹಾಗಾಗಿ ಚಾಚಾನ ಆಸೆಯಲ್ಲಿ ತಪ್ಪೇನೂ ಇಲ್ಲ. ತೊಡಕಿರುವುದು ದಾರಿಯಲ್ಲಿ.

ಮೊದಲು ನಾಮಿನಿ. 1952ರ ನೌಕರರ ಭವಿಷ್ಯ ನಿಧಿ ಯೋಜನೆಯ ಪ್ರಕಾರ ಕುಟುಂಬವಿರುವ ಸದಸ್ಯ ಕುಟುಂಬದವರನ್ನೇ ನಾಮಿನಿ ಮಾಡಬೇಕು. ಹೆಂಡತಿ ಮಕ್ಕಳಿರುವವರು ಅಲ್ಲಿ ಟ್ರಸ್ಟಿನ ಹೆಸರು ಬರೆದರೆ ಅದು ಊರ್ಜಿತವಾಗದು. ನಿವೃತ್ತರಾಗಿ ಹಣ ಪಡೆದು ಬ್ಯಾಂಕಿನಲ್ಲಿಟ್ಟ ಮೇಲೆ ಅದು ಅವರ ಸಾಮಾನ್ಯ ಉಳಿತಾಯ. ಆಗ ವಸಿಯ್ಯತ್ ಮಾಡಬಹುದು. ಬ್ಯಾಂಕಿನ ನಾಮಿನಿ ಹಣವನ್ನು ಪಡೆಯುವವನಷ್ಟೇ, ಮಾಲೀಕನಲ್ಲ. ಎಷ್ಟೋ ಮನೆಗಳ ಜಗಳ ಶುರುವಾಗುವುದು ಇಲ್ಲೇ.

ಈಗ ಲೆಕ್ಕ ಹಾಕೋಣ. ಚಾಚಾ ತೀರಿಕೊಂಡಾಗ 12 ಲಕ್ಷ ರೂಪಾಯಿ ಇದೆ ಎನ್ನೋಣ. ಕಫನ್ ದಫನ್ ಖರ್ಚು ಮತ್ತು ಸಾಲ ಸೇರಿ 1.5 ಲಕ್ಷ. ಪತ್ನಿಯ ಮೆಹರ್ ಬಾಕಿಯಿದ್ದರೆ ಅದೂ ಸಾಲವೇ. ಇವನ್ನು ಮೊದಲು ತೀರಿಸಬೇಕು. ಉಳಿದದ್ದು 10.5 ಲಕ್ಷ. ಅದರ ಮೂರನೇ ಒಂದು ಪಾಲು, ಅಂದರೆ 3.5 ಲಕ್ಷದವರೆಗೆ ಮಾತ್ರ ವಸಿಯ್ಯತ್ ನಡೆಯುತ್ತದೆ. ಹೆಚ್ಚು ಬರೆದಿದ್ದರೆ ವಾರಸುದಾರರು ಒಪ್ಪಬೇಕು. ಉಳಿದ 7 ಲಕ್ಷದಲ್ಲಿ ಹೆಂಡತಿಗೆ ಎಂಟನೇ ಒಂದು ಪಾಲು, 87,500. ತಂದೆ ತಾಯಿ ಇಲ್ಲದೆ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದರೆ ಮಗನಿಗೆ 3,06,250. ಹೆಣ್ಣುಮಕ್ಕಳಿಗೆ ತಲಾ 1,53,125.

ಈ ಮಿತಿ ಯಾಕೆಂದು ಹಜರತ್ ಸಅದ್ ಬಿನ್ ಅಬೀ ವಕ್ಕಾಸ್ ಅವರ ಹದೀಸಿನಿಂದ ತಿಳಿಯುತ್ತದೆ. ಅವರು ಹೆಚ್ಚು ಕೊಡಲು ಹೊರಟಾಗ, ಮೂರನೇ ಒಂದು ಪಾಲೇ ಬಹಳವಾಯಿತೆಂದು ಪ್ರವಾದಿಯವರು ತಡೆದರು; ವಾರಸುದಾರರು ಜನರ ಮುಂದೆ ಕೈಚಾಚುವಂತಾಗಬಾರದು ಎಂಬುದು ಕಾರಣ. ನನ್ನ ಅಭಿಪ್ರಾಯ ಕೇಳಿದರೆ, ಮಗಳ ಓದು ಬಾಕಿಯಿರುವಾಗ 3.5 ಲಕ್ಷವೂ ಜಾಸ್ತಿಯೇ.

ಬದುಕಿರುವಾಗಲೇ ಕೊಟ್ಟು ಸ್ವಾಧೀನ ಮಾಡಿದರೆ ಅದು ಹಿಬಾ. ಅದಕ್ಕೆ ಈ ಮಿತಿಯಿಲ್ಲ. ಮರಣಶಯ್ಯೆಯಲ್ಲಿ ಕೊಟ್ಟರೆ ಮತ್ತೆ ಅದೇ ಮೂರನೇ ಒಂದು.

ಮುಸ್ಲಿಮರ ವಸಿಯ್ಯತ್ ಬಾಯಿಮಾತಿನಲ್ಲೂ ಸಿಂಧು. ಆದರೂ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಟ್ರಸ್ಟಿನ ನೋಂದಾಯಿತ ಹೆಸರನ್ನು ಸರಿಯಾಗಿ ನಮೂದಿಸಲು ಚಾಚಾನಿಗೆ ಹೇಳು ಎಂದೆ. ಅದಕ್ಕೂ ಮೊದಲು ಅವರ ಪಿಎಫ್ ಖಾತೆಯ ನಾಮಿನಿ ಕಾಲಂ ಖಾಲಿ ಇದೆಯೇ ನೋಡಬೇಕು. ಆಧಾರ್ ಜೋಡಣೆಯಾಗಿದ್ದರೆ ಅದನ್ನು ಆನ್‌ಲೈನ್‌ನಲ್ಲೇ ತುಂಬಬಹುದು; ಚಾಚಾನ ಪಕ್ಕ ಕುಳಿತು ನೀವೇ ತುಂಬಿಕೊಡಿ.