ಸರಾಸರಿ ಒಂದೇ, ಅಪಾಯ ಬೇರೆ

ಒಬ್ಬರು 20ನೇ ವಯಸ್ಸಿಂದ 40ರವರೆಗೆ ದಿನಕ್ಕೆ 10 ಸಿಗರೇಟ್ ಸೇದಿ ಬಿಟ್ಟರು. ಇನ್ನೊಬ್ಬರು 40ಕ್ಕೆ ಶುರು ಮಾಡಿ 60ರವರೆಗೆ ಅಷ್ಟೇ ಸೇದಿದರು. ಈಗ ಇಬ್ಬರಿಗೂ 60. ಒಟ್ಟು ಲೆಕ್ಕ ಒಂದೇ, ಸರಾಸರಿಯೂ ಒಂದೇ. ಹಾಗಾದ್ರೆ ಕ್ಯಾನ್ಸರ್ ಅಪಾಯವೂ ಒಂದೇನಾ? ಲೆಕ್ಕ ಮಾಡಿ ನೋಡೋಣ.

ಹಂತಗಳ ಮಾದರಿ

1954ರಲ್ಲಿ ಬ್ರಿಟನ್ನಿನ ಪೀಟರ್ ಆರ್ಮಿಟೇಜ್ ಮತ್ತು ರಿಚರ್ಡ್ ಡಾಲ್ ಒಂದು ಸರಳ ಮಾದರಿ ಕೊಟ್ಟರು. ಒಂದು ಜೀವಕೋಶ ಕ್ಯಾನ್ಸರ್ ಕೋಶ ಆಗಬೇಕಾದರೆ ಅದರಲ್ಲಿ ಹಲವು ಬದಲಾವಣೆಗಳು ಒಂದಾದ ಮೇಲೊಂದು ನಡೆಯಬೇಕು. ಪ್ರತಿಯೊಂದೂ ಅಪರೂಪದ ಘಟನೆ. ಹಂತಗಳು 6 ಅಂದ್ಕೊಳ್ಳೋಣ. ಕೊನೆಯ ಹಂತ ಈ ವರ್ಷ ನಡೆಯಬೇಕಾದರೆ ಉಳಿದ 5 ಅದಕ್ಕೆ ಮುಂಚೆಯೇ ಮುಗಿದಿರಬೇಕು. ಹಾಗಾಗಿ ಕ್ಯಾನ್ಸರ್ ಬರುವ ದರ ವಯಸ್ಸಿನ 5ನೇ ಘಾತದ, ಅಂದ್ರೆ ಪವರ್‌ನ, ಅನುಪಾತದಲ್ಲಿ ಏರುತ್ತದೆ. 30ರಲ್ಲಿ ಇದ್ದದ್ದಕ್ಕಿಂತ 60ರಲ್ಲಿ 32 ಪಟ್ಟು!

ಡೋಸ್ ಬದಲಾದರೆ

ಈಗ ಒಂದು ರಾಸಾಯನಿಕ ಮೊದಲ ಹಂತವನ್ನು ಮಾತ್ರ ಹೆಚ್ಚಿಸುತ್ತದೆ ಅಂತಿಟ್ಕೊಳ್ಳಿ. ಅದಾದ ಮೇಲೆ ನಡುವಿನ 4 ಹಂತಗಳಿಗೆ ಸಮಯ ಬೇಕು. ಆದ್ದರಿಂದ ಪ್ರತಿ ವರ್ಷದ ಡೋಸ್‌ಗೂ ಒಂದು ತೂಕ ಇದೆ: ಆಮೇಲೆ ಕಳೆದ ವರ್ಷಗಳ 4ನೇ ಘಾತ. ಸಿಗ್ನಲ್ಸ್ ಕ್ಲಾಸಿನ ಕನ್ವಲ್ಯೂಷನ್ ನೆನಪಾಯ್ತಾ? ಇದೂ ಅದೇ.

ಇಂಟಿಗ್ರೇಟ್ ಮಾಡಿದರೆ, 60ನೇ ವಯಸ್ಸಿನಲ್ಲಿ ಹೆಚ್ಚುವರಿ ಅಪಾಯ ಮೊದಲನೆಯವರಿಗೆ 31 ಪಾಲು, ಎರಡನೆಯವರಿಗೆ 1 ಪಾಲು.

ಅದೇ ರಾಸಾಯನಿಕ 5ನೇ ಹಂತದ ಮೇಲೆ ಕೆಲಸ ಮಾಡಿದರೆ? ಆಗ ಡೋಸ್ ಬೀಳುವ ಮೊದಲೇ 4 ಹಂತ ಮುಗಿದಿರಬೇಕು. ತೂಕ ಈಗ ಡೋಸ್ ಬಿದ್ದಾಗಿನ ವಯಸ್ಸಿನ 4ನೇ ಘಾತ. ಉತ್ತರ ಪೂರ್ತಿ ತಿರುಗುತ್ತದೆ: 31ಕ್ಕೆ 211, ಅಂದ್ರೆ ಎರಡನೆಯವರಿಗೇ ಸುಮಾರು 7 ಪಟ್ಟು ಹೆಚ್ಚು. ಎಷ್ಟು ಅನ್ನೋದರಷ್ಟೇ ಯಾವಾಗ ಅನ್ನೋದೂ ಮುಖ್ಯ. ಸರಾಸರಿ ತೆಗೆದ ತಕ್ಷಣ ಈ ‘ಯಾವಾಗ’ ಕಳೆದುಹೋಗುತ್ತದೆ.

ಸಿಗರೇಟ್ ಎಲ್ಲಿ ಬರುತ್ತೆ?

ತಂಬಾಕಿನ ಹೊಗೆ ಮೊದಲ ಮತ್ತು ಕೊನೆಯ ಕಡೆಯ ಹಂತಗಳೆರಡನ್ನೂ ಮುಟ್ಟುತ್ತದೆ ಅಂತ ಅಂದಾಜಿಸಲಾಗಿದೆ. ಬಿಟ್ಟ ಮೇಲೆ ಕೊನೆಯ ಹಂತಗಳ ಮೇಲಿನ ಒತ್ತಡ ನಿಲ್ಲುತ್ತದೆ, ಆದರೆ ಆಗಲೇ ಬದಲಾದ ಕೋಶಗಳು ಉಳಿದಿರುತ್ತವೆ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. 60, 50, 40, 30ನೇ ವಯಸ್ಸಿನಲ್ಲಿ ಸಿಗರೇಟ್ ಬಿಟ್ಟವರಿಗೆ ಸಿಕ್ಕ ಹೆಚ್ಚುವರಿ ಆಯಸ್ಸು ಕ್ರಮವಾಗಿ ಸುಮಾರು 3, 6, 9, 10 ವರ್ಷ. ಇದರಲ್ಲಿ ಕ್ಯಾನ್ಸರ್ ಅಷ್ಟೇ ಅಲ್ಲ, ಎಲ್ಲ ಕಾಯಿಲೆಗಳೂ ಸೇರಿವೆ.

ಒಂದು ಎಚ್ಚರಿಕೆ: 31, 211 ಇವೆಲ್ಲ ನಾವು 6 ಹಂತ ಅಂದ್ಕೊಂಡಿದ್ದರಿಂದ ಬಂದ ಸಂಖ್ಯೆಗಳು. ಒಬ್ಬ ವ್ಯಕ್ತಿಗೆ ಕ್ಯಾನ್ಸರ್ ಬರುತ್ತಾ ಇಲ್ವಾ ಅಂತ ಇವು ಹೇಳಲ್ಲ.

ನಿಮಗೊಂದು ಲೆಕ್ಕ

ಮೊದಲ ಹಂತದ ಮಾದರಿಯಲ್ಲಿ, 20ರಿಂದ 40ರವರೆಗೆ ಸೇದಿದವರ ಹೆಚ್ಚುವರಿ ಅಪಾಯದಲ್ಲಿ ಮೊದಲ 10 ವರ್ಷಗಳ ಪಾಲೆಷ್ಟು? ನಮಗೆ ಬಂದ ಉತ್ತರ ಸುಮಾರು 79%. “ಕೆಲಸ ಸಿಕ್ಕಿ ಸೆಟಲ್ ಆದ್ಮೇಲೆ ಬಿಡ್ತೀನಿ ಮಗಾ” ಅಂತ ನಾವು ಮುಂದೂಡ್ತಿರೋದು ಈ 10 ವರ್ಷಗಳನ್ನೇ. ನೀವೂ ಒಮ್ಮೆ ಇಂಟಿಗ್ರೇಟ್ ಮಾಡಿ ನೋಡಿ.